ಸಮುದ್ರ ಕಂಡರೆ ವಾಂತಿ ಬರುವ ಹುಡುಗಿ

ನನ್ನ ಮೊಮ್ಮಗಳು ರಾಲಿತ್ಸಾಗೆ ಸಮುದ್ರ ಕಂಡರೆ ವಾಂತಿ ಬರುತ್ತದಂತೆ. ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಅವಳ ಟೀಚರ್ ಝ್ಲಾತೆವಾ ನನ್ನ ಕಿವಿಗೆ ಈ ಸುದ್ದಿ ಹಾಕಿದರು. ಹುಡುಗಿಗೆ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಸಮುದ್ರವನ್ನು ಕಂಡೇ ಇಲ್ಲ. ಕಾಣದ ಸಮುದ್ರಕ್ಕೆ ವಾಂತಿ ಎಲ್ಲಿಂದ ಬರಬೇಕು ಹೇಳಿ?

"ಇಡೀ ಕ್ಲಾಸೇ ಹೊರಟಿದೆ, ನೆದ್ಯಾಲ್ಕಮ್ಮ," ಎಂದರು ಟೀಚರ್. "ಒಂದು ವಾರ ಸಮುದ್ರದ ದಂಡೇಲಿ ಇರೋದು. ಪಾಠಾನೂ ಅಲ್ಲೇ, ಆಟಾನೂ ಅಲ್ಲೇ. ಇವಳೊಬ್ಳೇ ಬರಲ್ಲ ಅಂತಾಳೆ. ಸೋಮವಾರ ಹೆಸರು ಕೊಡ್ಬೇಕು. ನೀವಾದ್ರೂ ಒಂದ್ಸಲ ಕೇಳಿ ನೋಡಿ."

"ವಾಂತಿ ಬರುತ್ತೆ ಅಂದ್ಲಾ?"

"ಹೂಂ. ಬಗ್ಗಿ ಮಾಡಿ ಬೇರೆ ತೋರಿಸಿದ್ಳು."

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮಗುವಿಗೆ ಇರುವಷ್ಟು ಕಾಯಿಲೆ ನಮ್ಮೂರ ಆಸ್ಪತ್ರೆಯಲ್ಲೂ ಇಲ್ಲ. ಐಸ್‌ಕ್ರೀಂ ಗಾಡಿ ಕಂಡರೆ ಗಂಟಲು ನೋವು. ಜಾತ್ರೆಯಲ್ಲಿ ತಿರುಗುವ ಕುದುರೆ ಕಂಡರೆ ತಲೆಸುತ್ತು. ಗೆಳತಿಯ ಹುಟ್ಟುಹಬ್ಬಕ್ಕೆ ಕರೆದರೆ ಆ ದಿನ ಸರಿಯಾಗಿ ಜ್ವರ, ಯಾಕೆಂದರೆ ಹುಟ್ಟುಹಬ್ಬಕ್ಕೆ ಹೋದರೆ ಉಡುಗೊರೆ ಒಯ್ಯಬೇಕಲ್ಲ. ದುಡ್ಡು ಎಲ್ಲೆಲ್ಲಿ ಖರ್ಚಾಗುತ್ತದೋ ಅಲ್ಲೆಲ್ಲ ಇವಳಿಗೊಂದು ರೋಗ. ಖರ್ಚಿಲ್ಲದ ಕಡೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರುತ್ತಾಳೆ.

ಮನೆಗೆ ಹೋದವಳೇ ಹಿಡಿದು ಕೂರಿಸಿಕೊಂಡೆ.

"ಏನೇ, ನಿಂಗೆ ಸಮುದ್ರ ಕಂಡ್ರೆ ಆಗಲ್ವಂತೆ?"

"ಹೂಂ ಅಜ್ಜಿ. ಹೊಟ್ಟೆ ತೊಳಸುತ್ತೆ."

"ಎಲ್ಲಿ ಕಂಡಿದ್ದೆ ನೀನು ಸಮುದ್ರಾನ?"

"ಟೀವೀಲಿ."

"ಟೀವಿ ನೋಡಿದ್ರೆ ವಾಂತಿ ಬರುತ್ತಾ?"

"ಸ್ವಲ್ಪ," ಎಂದು ಪುಸ್ತಕದೊಳಗೆ ಮುಖ ಹುದುಗಿಸಿದಳು. ಈ ಹುಡುಗಿ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. ಜೋರಾಗಿ ಮಾತಾಡಿದರೂ ಬಿಲ್ಲು ಬರುತ್ತದೇನೋ ಎಂಬಂತೆ ಪಿಸುಗುಟ್ಟುತ್ತಾಳೆ.

"ದುಡ್ಡು ನಾನು ಕೊಡ್ತೀನಿ ಕಣೇ. ನನ್ ಹತ್ರ ಇದೆ."

ಅವಳು ತಲೆಯೆತ್ತಿ ನನ್ನ ಬಾಯಿಯನ್ನೇ ನೋಡಿದಳು. "ಅದು ನಿನ್ನ ಹಲ್ಲಿನ ದುಡ್ಡು ಅಜ್ಜಿ. ಹಲ್ಲು ಕಟ್ಟಿಸ್ಕೊಳ್ದಿದ್ರೆ ನೀನು ಎಲ್ರಿಗೂ ಬಯ್ಯೋದು ಹೇಗೆ?"

ನೋಡಿ, ಒಂಬತ್ತು ವರ್ಷದ ಕೂಸು ಆಡುವ ಮಾತು! ನಗಬೇಕೋ ಅಳಬೇಕೋ ತಿಳಿಯದೆ ಎದ್ದುಹೋಗಿ ಒಂದು ಲೋಟ ನೀರು ಕುಡಿದೆ.

ತಪ್ಪು ಅವಳದಲ್ಲ. ಅವಳ ಅಪ್ಪ ಅಮ್ಮ ಹೊಟ್ಟೆಪಾಡಿಗೆ ಮಾಡುವ ಕೆಲಸಗಳೇ ಅಂಥವು. ನನ್ನ ಅಳಿಯ ಸ್ವಿಲೆನ್ ಕಾಲ್ಚೀಲದ ಕಾರ್ಖಾನೆಯಲ್ಲಿ ತಪಾಸಣೆಗಾರ. ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಕಾಲ್ಚೀಲವನ್ನು ದೀಪಕ್ಕೆ ಹಿಡಿದು, ಎಲ್ಲಿ ನೂಲು ಬಿಟ್ಟಿದೆ, ಎಲ್ಲಿ ಹೊಲಿಗೆ ಓರೆಯಾಗಿದೆ ಎಂದು ಹುಡುಕುವುದು ಅವನ ಕೆಲಸ. ಮೊಸರಲ್ಲಿ ಕಲ್ಲು ಹುಡುಕುವವರನ್ನು ಜನ ಬಯ್ಯುತ್ತಾರೆ, ನಮ್ಮವನಿಗೆ ಅದಕ್ಕೇ ಸಂಬಳ ಕೊಡುತ್ತಾರೆ. ಆದರೆ ಆ ಕಣ್ಣನ್ನು ಕಾರ್ಖಾನೆಯಲ್ಲೇ ಬಿಟ್ಟು ಬರಬೇಕೋ ಬೇಡವೋ? ಮಗಳು ಮನೆಯ ಚಿತ್ರ ಬರೆದು ತಂದು ತೋರಿಸಿದರೆ, "ಚಿಮಣಿ ಎಡಕ್ಕೆ ವಾಲಿದೆ" ಎನ್ನುತ್ತಾನೆ. ಪರೀಕ್ಷೆಯಲ್ಲಿ ಆರಕ್ಕೆ ಆರು ಬಂದ ದಿನ ಆ ಹಾಳೆಯನ್ನೂ ದೀಪಕ್ಕೆ ಹಿಡಿದು ನೋಡಿದ, ಪುಣ್ಯಾತ್ಮ!

ನನ್ನ ಮಗಳು ವೆಸೆಲಾ ಇನ್ನೊಂದು ಕಡೆ. ವೆಸೆಲಾ ಅಂದರೆ ನಗುನಗುತ್ತಿರುವವಳು ಎಂದರ್ಥ, ನಾನೇ ಆಸೆಪಟ್ಟು ಇಟ್ಟ ಹೆಸರು. ಕಂತು ಕಟ್ಟದವರಿಗೆ ಫೋನ್ ಮಾಡಿ ನೆನಪಿಸುವ ಕಚೇರಿಯಲ್ಲಿ ಅವಳಿಗೆ ಕೆಲಸ. ದಿನವಿಡೀ ಅದೇ ರಾಗ ಹಾಡಿ ಹಾಡಿ ಮನೆಯಲ್ಲೂ ಅದೇ ಬಾಯಿಗೆ ಬರುತ್ತದೆ. "ರಾಲಿತ್ಸಾ ಅವರೇ, ನಿಮ್ಮ ಹಾಲಿನ ಲೋಟ ಬೆಳಗ್ಗೆಯಿಂದ ಮೇಜಿನ ಮೇಲೆ ಬಾಕಿ ಇದೆ. ಇದು ಎರಡನೇ ಸಲ ನೆನಪಿಸ್ತಿರೋದು." ಮೂರನೇ ಸಲ ನೆನಪಿಸಿದರೆ ಏನಾಗುತ್ತದೋ ಆ ದೇವರಿಗೇ ಗೊತ್ತು, ಯಾಕೆಂದರೆ ರಾಲಿ ಎರಡನೆಯದಕ್ಕೇ ಓಡಿಹೋಗಿ ಲೋಟ ತೊಳೆದಿಟ್ಟಿರುತ್ತಾಳೆ.

ಕೆಟ್ಟವರಲ್ಲ ಇಬ್ಬರೂ. ಮಕ್ಕಳೆಂದರೆ ಪ್ರಾಣ. ಆದರೆ ಶರತ್ಕಾಲದಿಂದ ಈಚೆಗೆ ಕಾರ್ಖಾನೆಯಲ್ಲಿ ಸ್ವಿಲೆನ್‌ಗೆ ಪಾಳಿ ಕಡಿಮೆ ಮಾಡಿದ್ದಾರೆ. ಅಂದಿನಿಂದ ಊಟಕ್ಕೆ ಕೂತರೆ ಸಾಕು, ಕರೆಂಟು ಬಿಲ್ಲು, ಹೀಟರು ಬಿಲ್ಲು, ಕಾರಿನ ಟಯರು. ದೊಡ್ಡವರ ಮಾತು ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದಾರೆ ಪೆದ್ದುಗಳು. ಮಕ್ಕಳಿಗೆ ಅರ್ಥವಾಗದ್ದು ಲೆಕ್ಕದ ಪುಸ್ತಕದಲ್ಲಿ ಮಾತ್ರ, ಮನೆಯಲ್ಲಿ ಎಲ್ಲವೂ ಅರ್ಥವಾಗುತ್ತದೆ.

ನಾನೇ ಹೋಗಿ ಟೀಚರ್ ಕೈಯಲ್ಲಿ ದುಡ್ಡಿಟ್ಟು ಹೆಸರು ಬರೆಸಬಹುದಿತ್ತು. ಮಗಳು ಅಳಿಯನಿಗೆ ಹೇಳಿದ್ದರೆ ಅವರೂ ಸಾಲಸೋಲ ಮಾಡಿ ಕಳಿಸುತ್ತಿದ್ದರು. ಆದರೆ ಹಾಗೆ ಕಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತು. ಹುಡುಗಿ ಮರಳಿನ ಮೇಲೆ ಕೂತು, ಈ ಒಂದು ಅಲೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುತ್ತಾಳೆ. "ನನಗೆ ಬೇಕು" ಎಂದು ಆ ಬಾಯಿಂದಲೇ ಬರಬೇಕು. ಒಂದೇ ಒಂದು ಸಲ ಬಂದರೆ ಸಾಕು, ಆಮೇಲೆ ದಾರಿ ತೆರೆದುಕೊಳ್ಳುತ್ತದೆ. ಸೋಮವಾರಕ್ಕೆ ಮೊದಲು ಬರಬೇಕು, ಅಷ್ಟೇ.

ನಡುವೆ ಭಾನುವಾರ ಬಂತು, ಭಾನುವಾರದ ಜೊತೆಗೆ ರೊಟ್ಟಿ ಉರುಳಿಸುವ ಶಾಸ್ತ್ರವೂ ಬಂತು.

ರಾಲಿಯ ತಮ್ಮ ಬೋರಿಲ್‌ಗೆ ಆಗ ವರ್ಷ ತುಂಬಿತ್ತು. ಹಿಂದಿನ ವಾರ ಸೋಫಾ ಬಿಟ್ಟು ಮೂರು ಹೆಜ್ಜೆ ಇಟ್ಟು ಬಿದ್ದಿದ್ದ. ಮಗು ನಡೆದರೆ ರೊಟ್ಟಿ ಉರುಳಲೇಬೇಕು. ಗಾಡಿಯ ಚಕ್ರದಂಥ ದಪ್ಪ ದುಂಡು ರೊಟ್ಟಿ ಸುಟ್ಟು, ನೆಂಟರನ್ನು ಕರೆದು, ಕೋಣೆಯ ಆ ತುದಿಗೊಂದು ಗಿಡ್ಡ ಮೇಜು ಹಾಕಿ, ಅದರ ಮೇಲೆ ಒಂದೊಂದು ಕಸುಬಿನ ಒಂದೊಂದು ಸಾಮಾನು ಇಡುತ್ತೇವೆ. ರೊಟ್ಟಿ ಉರುಳಿಸಿದರೆ ಮಗು ಅದರ ಹಿಂದೆ ನಡೆದುಹೋಗಿ ಮೇಜಿನ ಮೇಲಿಂದ ಒಂದನ್ನು ಎತ್ತಿಕೊಳ್ಳುತ್ತದೆ. ಮೊದಲು ಯಾವುದನ್ನು ಮುಟ್ಟಿತೋ ಮುಂದೆ ಅದೇ ಅದರ ಹೊಟ್ಟೆಪಾಡು. ನಂಬುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕು ನೀವು.

ಬೆಳಗ್ಗೆಯೇ ಸ್ವಿಲೆನ್‌ನ ಅಕ್ಕ ಇಲಿಯಾನಾ ಪ್ಲೊವ್‌ದಿವ್ ಪಟ್ಟಣದಿಂದ ಬಂದಿಳಿದಳು. ಅವಳು ಹಲ್ಲಿನ ಡಾಕ್ಟರು. ಕೈ ತುಂಬ ದುಡ್ಡು, ಬಾಯಿ ತುಂಬ ಮಾತು, ಮನಸ್ಸು ಮಾತ್ರ ಬೆಣ್ಣೆ. ಬರುವಾಗಲೇ ಹಲ್ಲು ನೋಡುವ ಪುಟ್ಟ ಕನ್ನಡಿ ತಂದು ಮೇಜಿನ ನಟ್ಟನಡುವೆ ಇಟ್ಟಳು.

"ಬೋರಿಲ್ ಇದನ್ನ ಎತ್ಕೊಂಡ್ರೆ ನನ್ನ ಕ್ಲಿನಿಕ್ ಅವನಿಗೇ ಕಣೋ ತಮ್ಮಾ."

ವೆಸೆಲಾ ಹೊಸ ಪೆನ್ನು, ಕ್ಯಾಲ್ಕುಲೇಟರು, ದಪ್ಪನೆಯ ಕಾನೂನು ಪುಸ್ತಕ, ಕತ್ತರಿ, ಮರದ ಸೌಟು, ಒಂದು ನೋಟು ಇಟ್ಟಳು. ಪಕ್ಕದಲ್ಲೇ ಇದ್ದ ತನ್ನ ಕಸುಬಿನ ಮೊಬೈಲನ್ನು ಎತ್ತಿ ಬೀರುವಿನ ಮೇಲೆ ಬಚ್ಚಿಟ್ಟಳು. ನಾನು ಸುಮ್ಮನಿರುತ್ತೇನೆಯೇ? ಮೂವತ್ತು ವರ್ಷ ಅದೇ ಕಾರ್ಖಾನೆಯಲ್ಲಿ ಕಾಲ್ಚೀಲ ಹೆಣೆದವಳು. ಒಂದು ಕೆಂಪು ಕಾಲ್ಚೀಲ ತಂದು ಕನ್ನಡಿಯ ಪಕ್ಕದಲ್ಲಿಟ್ಟೆ.

"ಅತ್ತೆ, ಅದು ಬೇಡ," ಎಂದ ಸ್ವಿಲೆನ್.

"ಯಾಕಯ್ಯಾ? ನನ್ನನ್ನೂ ಅದೇ ಸಾಕಿದ್ದು, ನಿನ್ನನ್ನೂ ಅದೇ ಸಾಕ್ತಿರೋದು."

"ಸಾಕ್ತಿರೋದು ಗೊತ್ತಾಗ್ತಿದೆಯಲ್ಲ," ಎಂದು ಅದನ್ನು ಜೇಬಿಗೆ ತುರುಕಿಕೊಂಡ. "ನನ್ನ ಮಗ ನನ್ನ ಹಾಗಾಗೋದು ಬೇಡ."

ಇದನ್ನು ಜೋರಾಗಿಯೇ ಹೇಳಿದ. ರಾಲಿ ಅಲ್ಲೇ ತಟ್ಟೆ ಜೋಡಿಸುತ್ತಿದ್ದಳು.

ಆಮೇಲೆ ಶುರುವಾಯಿತು ನೋಡಿ ನಮ್ಮ ಅಳಿಯನ ತಪಾಸಣೆ. ಕತ್ತರಿ ಚೂಪಾಗಿದೆ, ರಿಜೆಕ್ಟ್. ಪೆನ್ನಿನ ಮುಚ್ಚಳ ನುಂಗಿಬಿಡಬಹುದು, ರಿಜೆಕ್ಟ್. ಕಾನೂನು ಪುಸ್ತಕ ಕಾಲ ಮೇಲೆ ಬಿದ್ದರೆ ಬೆರಳು ಜಜ್ಜುತ್ತದೆ, ರಿಜೆಕ್ಟ್. ಕನ್ನಡಿ ಗಾಜು, ನೋಟು ಯಾರ್ಯಾರ ಕೈ ದಾಟಿ ಬಂದಿದೆಯೋ ಏನೋ, ಕ್ಯಾಲ್ಕುಲೇಟರಿನ ಒಳಗೆ ಬ್ಯಾಟರಿ. ಕೊನೆಗೆ ಮೇಜಿನ ಮೇಲೆ ಉಳಿದದ್ದು ಒಂದು ಮರದ ಸೌಟು. ಅದನ್ನೂ ಬೆಳಕಿಗೆ ಹಿಡಿದು ಸಿಬರು ಇದೆಯೇ ಎಂದು ನೋಡುತ್ತಿದ್ದ.

"ಲೋ!" ಎಂದು ಕಿರುಚಿದಳು ಇಲಿಯಾನಾ. "ನಿನ್ನ ಮಗ ಅಡುಗೆಭಟ್ಟ ಆಗೋದು ಬಿಟ್ರೆ ಬೇರೆ ದಾರೀನೇ ಇಲ್ಲ ಹಾಗಾದ್ರೆ! ಇಡೋ ಎಲ್ಲಾನೂ ವಾಪಸ್ಸು!"

ಅಕ್ಕನ ಮಾತಿಗೆ ಅವನು ಎದುರಾಡುವುದಿಲ್ಲ. ಎಲ್ಲ ಮತ್ತೆ ಮೇಜಿಗೆ ಬಂತು. ಕಾಲ್ಚೀಲ ಮಾತ್ರ ಅವನ ಜೇಬಿನಲ್ಲೇ ಉಳಿಯಿತು.

ಇನ್ನು ರೊಟ್ಟಿ. ಉರುಳಿದ ರೊಟ್ಟಿ ಅಂಗಾತ ಬಿದ್ದರೆ ಮುಂದಿನದು ಗಂಡುಮಗು, ಬೋರಲು ಬಿದ್ದರೆ ಹೆಣ್ಣುಮಗು. ಅಂದರೆ ಹೇಗೆ ಬಿದ್ದರೂ ಇನ್ನೊಂದು ಮಗು ಗ್ಯಾರಂಟಿ. ಇದು ನೆನಪಾದದ್ದೇ ತಡ, ಗಂಡಹೆಂಡಿರಿಬ್ಬರ ಮುಖವೂ ಹಿಟ್ಟಿನ ಹಾಗೆ ಬೆಳ್ಳಗಾಯಿತು.

"ಅಮ್ಮಾ, ನಿಧಾನಕ್ಕೆ ಉರುಳಿಸು," ಎಂದಳು ವೆಸೆಲಾ. "ಬೀಳದ ಹಾಗೆ."

"ಉರುಳಿಸಿದ ಮೇಲೆ ಬೀಳದೆ ಏನಾಗುತ್ತೆ, ಹಾರುತ್ತಾ?"

ನಾನು ಉರುಳಿಸಿದೆ. ಕೈಯಲ್ಲಿ ಇನ್ನೂ ಕಸುವಿದೆ, ರೊಟ್ಟಿ ಬಾಣದ ಹಾಗೆ ಹೋಯಿತು. ಸ್ವಿಲೆನ್ ಸೊಂಟ ಬಗ್ಗಿಸಿ, ಎರಡೂ ಕೈ ಅಗಲಿಸಿ, ಕೋಳಿ ಅಟ್ಟಿಕೊಂಡು ಹೋಗುವವನ ಹಾಗೆ ಅದರ ಪಕ್ಕದಲ್ಲೇ ಓಡಿದ. ಅತ್ತ ವಾಲಿದರೆ ಅತ್ತ ಕೈ ಅಡ್ಡ ಹಿಡಿದ, ಇತ್ತ ವಾಲಿದರೆ ಇತ್ತ. ರೊಟ್ಟಿ ಹೋಗಿ ಹೀಟರಿಗೆ ಬಡಿದು, ಅದಕ್ಕೆ ಒರಗಿಕೊಂಡು ನಿಂತುಬಿಟ್ಟಿತು.

"ಬಿದ್ದಿಲ್ಲ!" ಎಂದು ಕೂಗಿದ. "ಎಲ್ರೂ ನೋಡಿದ್ರಲ್ಲಾ? ಬಿದ್ದಿಲ್ಲ!"

ವೆಸೆಲಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಇಲಿಯಾನಾ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು.

ಈಗ ಬೋರಿಲ್‌ನ ಸರದಿ. ಅವನಪ್ಪ ಕಾರ್ಖಾನೆಯಲ್ಲಿ ನೂರಕ್ಕೆ ನೂರು ಪಾಸಾದ ಕಾಲ್ಚೀಲ ತಂದು ತೊಡಿಸಿದ್ದ. ಮರದ ನೆಲಕ್ಕೆ ಅವನಮ್ಮ ಹಿಂದಿನ ದಿನವಷ್ಟೇ ಮೇಣ ಹಾಕಿ ಉಜ್ಜಿದ್ದಳು. ಮಗು ಒಂದು ಹೆಜ್ಜೆ ಇಟ್ಟಿತು, ಜಾರಿತು, ಧೊಪ್ಪನೆ ಕೂತಿತು. ಎತ್ತಿ ನಿಲ್ಲಿಸಿದರು, ಮತ್ತೆ ಜಾರಿತು. ಆಮೇಲೆ ಏನು ಮಾಡಿದರೂ ಏಳಲಿಲ್ಲ. ಗಿಲಕಿ ಅಲ್ಲಾಡಿಸಿದರು, ಚಪ್ಪಾಳೆ ತಟ್ಟಿದರು, ಸ್ವಿಲೆನ್ ನಾಲ್ಕು ಕಾಲಲ್ಲಿ ಹೋಗಿ ಮೇಜಿನ ಬಳಿ ಮಿಯಾಂವ್ ಎಂದ. ಮಗು ಕಾಲುಚಾಚಿ ಕೂತು ನಮ್ಮನ್ನೆಲ್ಲ ಕೋತಿಗಳನ್ನು ನೋಡುವ ಹಾಗೆ ನೋಡಿತು.

"ಇದಕ್ಕೆ ಯಾರಾದ್ರೂ ನಡೆದು ತೋರಿಸ್ಬೇಕು," ಎಂದಳು ಇಲಿಯಾನಾ. "ರಾಲೀ, ಬಾ ಪುಟ್ಟಿ. ಇಲ್ಲಿಂದ ಮೇಜಿನವರೆಗೆ ನಡ್ಕೊಂಡು ಹೋಗಿ ಏನಾದ್ರೂ ಒಂದು ಎತ್ಕೋ. ನಿನ್ನ ನೋಡಿ ಅವನೂ ಬರ್ತಾನೆ."

ರಾಲಿ ಹಬ್ಬದ ಬಟ್ಟೆ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಕೆನ್ನೆ ಕೆಂಪಾಯಿತು. ತಟ್ಟೆ ಕೆಳಗಿಟ್ಟು, ಕರಿ ಶೂ ಟಕ್ ಟಕ್ ಅನ್ನಿಸುತ್ತ ನಡೆದುಹೋಗಿ ಮೇಜಿನ ಮುಂದೆ ನಿಂತಳು. ಕನ್ನಡಿ ನೋಡಿದಳು, ಪುಸ್ತಕ ನೋಡಿದಳು, ಕ್ಯಾಲ್ಕುಲೇಟರು ನೋಡಿದಳು. ಕೈ ಚಾಚಲಿಲ್ಲ. ತುಂಬ ಹೊತ್ತಾದ ಮೇಲೆ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಇದ್ರಲ್ಲಿ ಯಾವ್ದಕ್ಕೆ ಓದೋಕೆ ಕಮ್ಮಿ ದುಡ್ಡು ಬೇಕು? ಅದನ್ನೇ ತಗೋತೀನಿ."

ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಚಳಿಗಾಲದಲ್ಲಿ ಬೆಕ್ಕು ಬೇಗ ಒಳಗೆ ಬಂದು ಮನೆಯ ಬಿಸಿ ಹೋಗುವ ಮೊದಲೇ ಬಾಗಿಲು ಮುಚ್ಚಲಿ ಎಂದು ಅದರ ಬಾಲವನ್ನೇ ಕತ್ತರಿಸುವ ಜಿಪುಣರು ಗಾಬ್ರೊವೊ ಊರಿನವರಾದ ನಾವು ಅಂತ ದೇಶವೆಲ್ಲ ನಮ್ಮನ್ನು ಆಡಿಕೊಳ್ಳುತ್ತದೆ. "ಅಪ್ಪಟ ಗಾಬ್ರೊವೊ ಹುಡುಗಿ!" ಎಂದು ಇಲಿಯಾನಾ ಕಣ್ಣೊರೆಸಿಕೊಂಡಳು. ವೆಸೆಲಾ ಕೂಡ ನಕ್ಕಳು. ನಗುತ್ತಾ ನಗುತ್ತಾ ನಡುವೆಯೇ ನಿಂತುಹೋದಳು, ಬಾಯಿ ತೆರೆದೇ ಇತ್ತು.

ಸ್ವಿಲೆನ್ ಮಾತ್ರ ನಕ್ಕಿರಲಿಲ್ಲ. ನೆಲದ ಮೇಲೆ ಕೂತಿದ್ದವನು ಮಗಳ ಕಾಲನ್ನೇ ನೋಡುತ್ತಿದ್ದ.

"ರಾಲಿ, ಇನ್ನೊಂದ್ಸಲ ನಡಿ."

ನನಗೆ ಎಲ್ಲಿತ್ತೋ ಸಿಟ್ಟು. "ಅಯ್ಯೋ ನಿನ್ನ! ಹುಡುಗಿ ನಡೆಯೋದ್ರಲ್ಲೂ ತಪ್ಪು ಹುಡುಕ್ತೀಯೇನಯ್ಯಾ? ಹುಟ್ಟಿದ್ದೂ ಸರಿಯಾಗಿ ಹುಟ್ಟಿಲ್ಲ ಅಂತ ವಾಪಸ್ ಕಳಿಸಿಬಿಡು!"

"ಸ್ವಲ್ಪ ಸುಮ್ನಿರಿ ಅತ್ತೆ. ನಡಿ ಪುಟ್ಟಿ."

ರಾಲಿ ನಾಲ್ಕು ಹೆಜ್ಜೆ ನಡೆದಳು. ಅವನು ತೆವಳಿಕೊಂಡು ಹತ್ತಿರ ಬಂದು, ಅವಳನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ಶೂ ಎಳೆದ. ಬರಲಿಲ್ಲ. ಹಿಮ್ಮಡಿ ಹಿಡಿದು ಜೋರಾಗಿ ಎಳೆದ ಮೇಲೆ ಬಂತು. ಕಾಲ್ಚೀಲವನ್ನೂ ತೆಗೆದ. ಬೆರಳುಗಳೆಲ್ಲ ಒಳಕ್ಕೆ ಮಡಚಿಕೊಂಡು ಕೆಂಪಗೆ ಕಂದಿದ್ದವು. ಹೆಬ್ಬೆರಳ ಉಗುರು ನೀಲಿಯಾಗಿತ್ತು.

"ಯಾವಾಗಿಂದ ಹೀಗೆ?"

"ಕ್ರಿಸ್‌ಮಸ್‌ನಿಂದ."

"ಯಾಕೆ ಹೇಳ್ಲಿಲ್ಲ ಮಗಳೇ?"

"ಇನ್ನೂ ಹರಿದಿಲ್ವಲ್ಲ ಅಪ್ಪ," ಎಂದಳು ಹುಡುಗಿ. ಅವನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು, ಸಮಾಧಾನ ಮಾಡತೊಡಗಿದಳು. "ಬೆರಳು ಮಡಿಸ್ಕೊಂಡ್ರೆ ಸರಿಹೋಗುತ್ತೆ. ನಾನು ಅಭ್ಯಾಸ ಮಾಡ್ಕೊಂಡಿದೀನಿ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ನಾವು ದೊಡ್ಡವರು ಬಾಯಲ್ಲಿ ಹೇಳುತ್ತೇವೆ. ಈ ಮಗು ಬೆರಳು ಮಡಚಿ ಪಾಲಿಸಿತ್ತು. ಸ್ವಿಲೆನ್ ಆ ಪುಟ್ಟ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಳಗಳನೆ ಅತ್ತ.

"ದಿನಾ ಸಾವಿರ ಕಾಲ್ಚೀಲ ನೋಡ್ತೀನಿ ಅತ್ತೆ," ಎಂದ. "ನನ್ನ ಮಗಳ ಕಾಲು ನೋಡ್ಲಿಲ್ಲ."

ಅಲ್ಲಿಯವರೆಗೆ ಅವನಿಗೆ ಬಯ್ಯಲು ನಾಲಗೆಯ ಮೇಲೆ ಇಟ್ಟುಕೊಂಡಿದ್ದ ಮಾತುಗಳನ್ನೆಲ್ಲ ನುಂಗಿಕೊಂಡೆ. ವೆಸೆಲಾ ಬಂದು ಮಗಳ ಮುಂದೆ ಮಂಡಿಯೂರಿದಳು. ಎಲ್ಲರೂ ಸ್ಟೂಲಿನ ಸುತ್ತ ಮುತ್ತಿಕೊಂಡೆವು.

"ರಾಲೀ, ಹೊಸ ಶೂ ಸರಿ. ಇನ್ನೇನು ಬೇಕು ನಿಂಗೆ?"

"ಏನೂ ಬೇಡ."

"ನನ್ ಹತ್ರ ಆ ಆಟ ನಡೆಯಲ್ಲ. ದಿನವಿಡೀ ಫೋನಲ್ಲಿ ಇದನ್ನೇ ಕೇಳ್ತೀನಿ. 'ನಮಗೇನೂ ತೊಂದ್ರೆ ಇಲ್ಲ ಮೇಡಂ, ಎಲ್ಲಾ ಚೆನ್ನಾಗಿದೆ' ಅಂತಾರಲ್ಲ, ಅವರ ಮನೇಲೇ ಒಲೆ ಹತ್ತಿರಲ್ಲ. ಹೇಳು."

ಬಾಯಿ ತೆರೆದು "ಸಮುದ್ರ" ಎಂದುಬಿಡಲು ನನಗೆ ಎಷ್ಟು ಹೊತ್ತು? ಆದರೆ ಅವಳೇ ಹೇಳಬೇಕಿತ್ತು. ಇರುವ ಹಲ್ಲುಗಳಲ್ಲೇ ನಾಲಗೆ ಕಚ್ಚಿ ಹಿಡಿದೆ. "ಸೈಕಲ್ಲಾ ಪುಟ್ಟಿ? ಗೊಂಬೆನಾ?" ಎಂದು ಇಲಿಯಾನಾ ಶುರುಮಾಡಿದಳು. ಅವಳ ಕಾಲು ತುಳಿದೆ. "ಅಯ್ಯಮ್ಮಾ!" ಎಂದು ಬಾಯಿ ಮುಚ್ಚಿದಳು.

"ದುಡ್ಡಾಗುತ್ತೆ," ಎಂದಳು ರಾಲಿ.

"ಆಗ್ಲಿ."

"ಜಾಸ್ತಿ ಆಗುತ್ತೆ."

"ಆಗ್ಲಿ ಅಂದ್ನಲ್ಲ! ನಮ್ ಕೈಲಿ ಆಗ್ದಿದ್ರೆ ಆಗಲ್ಲ ಅಂತ ನಾವೇ ಹೇಳ್ತೀವಿ. ಅದು ನಮ್ಮ ಕೆಲ್ಸ, ನಿಂದಲ್ಲ. ನಿನ್ನ ಕೆಲ್ಸ ಕೇಳೋದು. ಕೇಳು."

ಹುಡುಗಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ತುಟಿ ಅಲ್ಲಾಡಿತು.

"ಏನು? ಕೇಳಿಸ್ಲಿಲ್ಲ," ಎಂದ ಸ್ವಿಲೆನ್. "ಮೊದಲ್ನೇ ಮಾತು ಅರ್ಧ ನುಂಗಿಬಿಟ್ಟೆ."

ಅಳುತ್ತಿದ್ದರೂ ತಪ್ಪು ಹುಡುಕುವುದನ್ನು ಬಿಡಲಿಲ್ಲ ನೋಡಿ! ಆದರೆ ಆ ಒಂದು ಮಾತಿನಿಂದ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ಕಾಲಲ್ಲಿ ಶೂ, ಇನ್ನೊಂದು ಕಾಲು ಬರಿದು, ಸ್ಟೂಲಿನ ಮೇಲೆ ಎದ್ದು ನಿಂತೇಬಿಟ್ಟಳು.

"ನಂಗೆ ಸಮುದ್ರಕ್ಕೆ ಹೋಗ್ಬೇಕೂ! ಎಲ್ರೂ ಹೋಗ್ತಿದಾರೆ, ನಂಗೂ ಹೋಗ್ಬೇಕೂ!"

ಮೇಲಿನ ಮನೆಯವನು ಹೀಟರಿನ ಪೈಪಿಗೆ ಟಣ್ ಟಣ್ ಎಂದು ಬಡಿದ. ಆ ಕಟ್ಟಡಕ್ಕೆ ಬಂದಾಗಿನಿಂದ ನಮ್ಮ ಮನೆಯ ಗದ್ದಲಕ್ಕೆ ಅವನು ಪೈಪು ಬಡಿದದ್ದು ಅದೇ ಮೊದಲು. ನನಗೆ ಚರ್ಚಿನ ಗಂಟೆ ಕೇಳಿದಷ್ಟು ಸಂತೋಷವಾಯಿತು. ಇಲಿಯಾನಾ ಪೊರಕೆ ತಂದು ಅದರ ಹಿಡಿಯಿಂದ ಚಾವಣಿಗೆ ವಾಪಸ್ಸು ಗುದ್ದಿದಳು.

ಸಮುದ್ರದ ವಿಷಯ ಏನು ಎತ್ತ ಎಂದು ನಾನು ನಾಲ್ಕು ಮಾತಲ್ಲಿ ಬಿಡಿಸಿ ಹೇಳಿದೆ. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಲ್ಲುಗಳೆಲ್ಲ ಅವರ ಕಣ್ಣ ಮುಂದೆ ಸಾಲಾಗಿ ಹಾದುಹೋದದ್ದು ನನಗೂ ಕಾಣಿಸಿತು.

"ಟಯರಿಗೆ ಅಂತ ಇಟ್ಟಿದ್ದು ಇದೆ," ಎಂದ ಸ್ವಿಲೆನ್. "ಕಾರು ನಿಂತಿರ್ಲಿ. ನಾನು ಬಸ್ಸಲ್ಲಿ ಹೋಗ್ತೀನಿ."

"ನಾಳೆ ಬೆಳಗ್ಗೆ ನಾನೇ ಸ್ಕೂಲಿಗೆ ಹೋಗಿ ಹೆಸರು ಕೊಟ್ಟು ಬರ್ತೀನಿ," ಎಂದಳು ವೆಸೆಲಾ.

"ನಾನೇ ಕೊಡ್ತೀನಿ," ಎಂದಳು ರಾಲಿ. ಇದನ್ನು ಕೂಗಲಿಲ್ಲ, ಪಿಸುಗುಟ್ಟಲೂ ಇಲ್ಲ. ಊರಲ್ಲಿ ಬೇರೆ ಮಕ್ಕಳು ಮಾತಾಡುವ ಹಾಗೆ ಮಾತಾಡಿದಳು.

ದೊಡ್ಡವರೆಲ್ಲ ಮೂಗು ಒರೆಸಿಕೊಂಡು, ಒಂದೊಂದು ಗುಟುಕು ಹಣ್ಣಿನ ಸಾರಾಯಿ ರಾಕಿಯಾ ಏರಿಸಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಲಿಯಾನಾ, "ಅಲ್ಲಾ, ಮಗು ಎಲ್ಲಿ?" ಎಂದಳು.

ಹಿಂತಿರುಗಿ ನೋಡಿದರೆ ಮೇಜು ಬರಿದು. ಕತ್ತರಿ, ಪೆನ್ನು, ಪುಸ್ತಕ, ಕನ್ನಡಿ, ಸೌಟು, ಕ್ಯಾಲ್ಕುಲೇಟರು, ನೋಟು ಎಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ. ಕಾಲ್ಚೀಲವನ್ನು ಕಿತ್ತೆಸೆದು ಬರಿಗಾಲಲ್ಲಿ ನಡೆದುಹೋಗಿದ್ದ ಬೋರಿಲ್, ಹೀಟರಿನ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದ.

"ನಡೆದುಬಿಟ್ಟಿದಾನೆ!" ಎಂದಳು ವೆಸೆಲಾ. "ಮೊದ್ಲು ಏನ್ ತಗೊಂಡ? ಯಾರು ನೋಡಿದ್ರಿ?"

ಯಾರೂ ನೋಡಿರಲಿಲ್ಲ. ಇಷ್ಟು ಜನ ಸೇರಿ, ಇಷ್ಟು ಅಡುಗೆ ಮಾಡಿ, ಮಗುವಿನ ಹಣೆಬರಹ ತಿಳಿಯುವ ಹೊತ್ತಿಗೆ ಸರಿಯಾಗಿ ಎಲ್ಲರೂ ಆ ಕಡೆಗೆ ಬೆನ್ನು ಹಾಕಿದ್ದೆವು. "ಕನ್ನಡಿನೇ ಇರ್ಬೇಕು," ಎಂದಳು ಇಲಿಯಾನಾ. "ಪುಸ್ತಕ ಅತ್ತಿಗೆ, ನೋಡಿ ಹಾಳೆ ಮಡಚಿದೆ," ಎಂದಳು ವೆಸೆಲಾ. ಸ್ವಿಲೆನ್ ಭೂತಗನ್ನಡಿ ತಂದು ಯಾವುದಕ್ಕೆ ಜೊಲ್ಲು ಹೆಚ್ಚು ಮೆತ್ತಿದೆ ಎಂದು ಒಂದೊಂದನ್ನೇ ಪರೀಕ್ಷಿಸಿದ. ಎಲ್ಲಕ್ಕೂ ಮೆತ್ತಿತ್ತು. ಸೌಟಿಗೆ ಸ್ವಲ್ಪ ಜಾಸ್ತಿ ಎಂದು ಗೊತ್ತಾಗಿ ಅವನ ಮುಖ ಸಣ್ಣಗಾಯಿತು.

ಸ್ಟೂಲಿನ ಮೇಲೆ ಕೂತಿದ್ದ ರಾಲಿ ಕಿಸಕ್ಕೆಂದು ನಕ್ಕಳು. ಆಗ ನಮಗೆ ಹೊಳೆಯಿತು. ನಾವೆಲ್ಲ ಅವಳ ಕಡೆ ಮುಖ ಮಾಡಿ ನಿಂತಿದ್ದರೂ ಅವಳ ಮುಖ ಇದ್ದದ್ದು ಮೇಜಿನ ಕಡೆಗೆ.

"ನೀನು ನೋಡಿದ್ಯೇನೇ?" ಎಂದೆ.

"ಹೂಂ. ನೋಡ್ದೆ."

"ಏನ್ ತಗೊಂಡ?" ಎಂದು ಮೂವರೂ ಒಟ್ಟಿಗೆ ಕೇಳಿದರು.

"ಹೇಳಲ್ಲ."

ಹೇಳಲ್ಲ! ಆ ಮನೆಯಲ್ಲಿ ಆ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಇಲಿಯಾನಾ ಕೈಚೀಲದಿಂದ ದೊಡ್ಡದೊಂದು ಚಾಕೊಲೇಟ್ ತೆಗೆದು ಆಸೆ ತೋರಿಸಿದಳು. ರಾಲಿ ಚಾಕೊಲೇಟ್ ಇಸಿದುಕೊಂಡು, "ಥ್ಯಾಂಕ್ಸ್ ಅತ್ತೆ" ಎಂದು ಬಿಚ್ಚಿ ತಿನ್ನತೊಡಗಿದಳು. ಆದರೂ ಹೇಳಲಿಲ್ಲ.

"ಯಾಕೆ ಹೇಳಲ್ಲ? ಅದೇನು ಗುಟ್ಟಾ?" ಎಂದಳು ವೆಸೆಲಾ.

"ಹೇಳಿದ್ರೆ ನೀವು ಇವತ್ತಿಂದಾನೇ ಅದಕ್ಕೆ ಎಷ್ಟು ದುಡ್ಡಾಗುತ್ತೋ ಅಂತ ಚಿಂತೆ ಮಾಡೋಕೆ ಶುರು ಮಾಡ್ತೀರ," ಎಂದಳು ರಾಲಿ, ಬಾಯಿ ತುಂಬ ಚಾಕೊಲೇಟ್ ಇಟ್ಟುಕೊಂಡು. "ಅವನಿಗೆ ಗೊತ್ತಾಗಿಬಿಡುತ್ತೆ. ಅವನು ಇನ್ನೂ ಚಿಕ್ಕೋನು ಅಮ್ಮ. ಸ್ವಲ್ಪ ದಿನ ಸುಮ್ನೆ ಆಡ್ಕೊಂಡಿರ್ಲಿ."

ಸ್ವಿಲೆನ್ ಭೂತಗನ್ನಡಿಯನ್ನು ಕೆಳಗಿಟ್ಟು ಮಗನ ಪಕ್ಕದಲ್ಲಿ ಹೋಗಿ ಕೂತ. ಮಗು ಅವನ ಬಾಯಿಗೂ ಒಂದು ಚೂರು ರೊಟ್ಟಿ ತುರುಕಿತು.